ಹಡೂಪ್ ಸರ್ವರ್‌ಗೆ ನಾಲ್ಕು ಡಿಸ್ಕ್: ಬೇರೆ ಬೇರೆ ಮೌಂಟ್ ಮಾಡಬೇಕಾ, ರೇಡ್ ಹಾಕಬೇಕಾ? ಅನುಭವ ಹೇಳಿ

ಕೇಳಿದವರು, ಬೆಳಗಾವಿ: ಉದ್ಯಮಬಾಗ್‌ನ ನಮ್ಮ ಕಾರ್ಖಾನೆಯ ಯಂತ್ರಗಳ ಸೆನ್ಸರ್ ಡೇಟಾವನ್ನು ಹಡೂಪ್‌ನಲ್ಲಿ (ದೊಡ್ಡ ಡೇಟಾವನ್ನು ಹಲವು ಸರ್ವರ್‌ಗಳಿಗೆ ಹಂಚಿಡುವ ಸಾಫ್ಟ್‌ವೇರ್) ಇಡಲು ನಾಲ್ಕು ಸರ್ವರ್ ತಂದಿದ್ದೇವೆ. ಒಂದೊಂದರಲ್ಲೂ 4 ಟಿಬಿಯ ನಾಲ್ಕು ಡಿಸ್ಕ್. ಪ್ರತಿ ಡಿಸ್ಕನ್ನೂ ಬೇರೆ ಫೋಲ್ಡರ್‌ಗೆ ಜೋಡಿಸಬೇಕಾ (ಮೌಂಟ್), ಎಲ್ಲ ಸೇರಿಸಿ ಒಂದೇ ಡಿಸ್ಕ್‌ನಂತೆ ಮಾಡಬೇಕಾ (ರೇಡ್)? ಒಂದೇ ಡಿಸ್ಕನ್ನು ಎರಡು ಪಾರ್ಟಿಷನ್ (ಭಾಗ) ಮಾಡಿ ಕೊಟ್ಟರೆ ವೇಗ ಜಾಸ್ತಿ ಆಗುತ್ತಾ?

ಬಾಗಲಕೋಟೆ: ರೇಡ್ 0 (ಎಲ್ಲ ಡಿಸ್ಕ್‌ಗಳಿಗೂ ತುಂಡು ತುಂಡಾಗಿ ಹಂಚಿ ಬರೆಯುವುದು, ನಕಲು ಇರಲ್ಲ) ಹತ್ತಿರ ಹೋಗಲೇಬೇಡಿ ಸರ್. ನಮಗೆ ಸರ್ವರ್ ಮಾರಿದವರು ಹಾಗೇ ಕೂರಿಸಿಕೊಟ್ಟಿದ್ದರು. ರೇಡ್ ಕಾರ್ಡ್‌ಗೇ ₹28,000, ಅದರ ಮೇಲೆ 18% ಜಿಎಸ್‌ಟಿ. ಒಂದು ಡಿಸ್ಕ್ ಸತ್ತಿತು, ಆ ಸರ್ವರ್‌ನ 16 ಟಿಬಿಯೂ ಹೋಯಿತು. ಹಡೂಪ್‌ನಲ್ಲಿ ಪ್ರತಿ ಬ್ಲಾಕ್‌ಗೆ (ಡೇಟಾದ ತುಂಡಿಗೆ) ಬೇರೆ ಬೇರೆ ಸರ್ವರ್‌ಗಳಲ್ಲಿ ಮೂರು ಪ್ರತಿ ಇದ್ದವು, ಹಾಗಾಗಿ ಡೇಟಾ ಉಳಿಯಿತು. ಆದರೆ ಅಷ್ಟನ್ನೂ ಮತ್ತೆ ನಕಲು ಮಾಡುವಾಗ ನೆಟ್‌ವರ್ಕ್ ಪೂರ್ತಿ ಕಟ್ಟಿಕೊಂಡು, ಬಿಲ್ಲಿಂಗ್ ಕೂಡ ನಿಂತುಹೋಯಿತು. ಆ ಕಾರ್ಡ್ ಈಗಲೂ ಕಪಾಟಿನಲ್ಲಿದೆ. ಈಗ ಡಿಸ್ಕಿಗೊಂದು ಮೌಂಟ್, ಹಡೂಪ್‌ನ ಡೇಟಾ.ಡಿರ್ ಸೆಟ್ಟಿಂಗ್‌ನಲ್ಲಿ ಎಲ್ಲ ಫೋಲ್ಡರ್‌ಗಳ ಹೆಸರು, ನಡುವೆ ಕಾಮಾ. ಒಂದು ಹೋದರೆ 4 ಟಿಬಿ ಅಷ್ಟೇ. ಎರಡು ಪಾರ್ಟಿಷನ್ ಬೇಡವೇ ಬೇಡ, ಓದುವ ಹೆಡ್‌ಗಳೆಲ್ಲ ಒಟ್ಟಿಗೇ ಚಲಿಸುತ್ತವೆ ಅಲ್ವಾ.

ವಿಜಯಪುರ: "ಅಷ್ಟೇ" ಅಂತ ಸುಲಭವಾಗಿ ಹೇಳಬೇಡಿ. ಫೇಲ್ಡ್.ವಾಲ್ಯೂಮ್ಸ್.ಟಾಲರೇಟೆಡ್ ಸೆಟ್ಟಿಂಗ್ (ಎಷ್ಟು ಡಿಸ್ಕ್ ಕೆಟ್ಟರೂ ಓಡುತ್ತಿರಬೇಕು ಅನ್ನುವುದು) ಮೊದಲಿಗೆ ಸೊನ್ನೆ ಇರುತ್ತದೆ. ಅದನ್ನು ಬದಲಿಸದಿದ್ದರೆ ಒಂದು ಡಿಸ್ಕ್ ಕೆಟ್ಟರೂ ಡೇಟಾನೋಡ್ (ಆ ಸರ್ವರ್‌ನಲ್ಲಿ ಡೇಟಾ ನೋಡಿಕೊಳ್ಳುವ ಹಡೂಪ್ ಪ್ರೋಗ್ರಾಂ) ಪೂರ್ತಿ ನಿಲ್ಲುತ್ತದೆ. ನಾವು 1 ಮಾಡಿದ ಮೇಲೆಯೇ ರಾತ್ರಿ ಫೋನ್ ಬರುವುದು ತಪ್ಪಿದ್ದು. ಇನ್ನೊಂದು ವಿಷಯ, ಲಿನಕ್ಸ್‌ನ ಎಕ್ಸ್‌ಟಿ4 ಫೈಲ್ ಸಿಸ್ಟಮ್ ತನ್ನ ಪಾಡಿಗೆ 5% ಜಾಗವನ್ನು ರೂಟ್ (ಅಡ್ಮಿನ್) ಬಳಕೆದಾರನಿಗೆ ಅಂತ ಎತ್ತಿಡುತ್ತದೆ. 4 ಟಿಬಿಗೆ 200 ಜಿಬಿ. ನಮ್ಮ 12 ಡಿಸ್ಕ್‌ಗಳಲ್ಲಿ 2.4 ಟಿಬಿ ಸುಮ್ನೆ ಬಿದ್ದಿತ್ತು. ದುಡ್ಡು ಕೊಟ್ಟ ಜಾಗ! ಟ್ಯೂನ್2ಎಫ್‌ಎಸ್ ಕಮಾಂಡ್‌ನಲ್ಲಿ ಅದನ್ನು ಸೊನ್ನೆ ಮಾಡಿ ವಾಪಸ್ ತಗೊಂಡೆ.

ಗೋಕಾಕ: ಇಬ್ಬರೂ ದೊಡ್ಡ ವಿಷಯವನ್ನೇ ಬಿಟ್ಟಿರಿ. ನಮ್ಮಲ್ಲಿ ರೀಬೂಟ್ ಆದ ಮೇಲೆ ಒಂದು ಡಿಸ್ಕ್ ಮೌಂಟ್ ಆಗಲಿಲ್ಲ. ಹಡೂಪ್ ಆ ಖಾಲಿ ಫೋಲ್ಡರ್‌ಗೇ ಬರೆಯುತ್ತಾ ಹೋಯಿತು. ಲಿನಕ್ಸ್ ಇರುವ ರೂಟ್ ಪಾರ್ಟಿಷನ್ ತುಂಬಿ ಸರ್ವರ್ ಮಲಗಿತು. ಗುತ್ತಿಗೆಯವರು ಎಫ್‌ಎಸ್‌ಟ್ಯಾಬ್‌ನಲ್ಲಿ (ಮೌಂಟ್‌ಗಳ ಪಟ್ಟಿ ಇರುವ ಫೈಲ್) ಎಸ್‌ಡಿಬಿ, ಎಸ್‌ಡಿಸಿ ಅಂತ, ರೀಬೂಟ್ ಆದಾಗ ಬದಲಾಗಬಹುದಾದ ಹೆಸರು ಬರೆದು ಹೋಗಿದ್ದರು. ಡಿಸ್ಕ್‌ನ ಬದಲಾಗದ ಗುರುತು ಯುಯುಐಡಿಯನ್ನೇ ಬರೆಯಿರಿ. ಮೌಂಟ್ ಮಾಡುವ ಮೊದಲೇ ಖಾಲಿ ಫೋಲ್ಡರ್‌ಗೆ ಚಾಟ್ರ್ +ಐ (ಯಾರೂ ಬರೆಯದಂತೆ ಬೀಗ ಹಾಕುವ ಕಮಾಂಡ್) ಹಾಕಿಡಿ. ಮುಂದೆ ಹೊಸ ಡಿಸ್ಕ್ ಸೇರಿಸಿದರೆ ಬ್ಯಾಲೆನ್ಸರ್ ಓಡಿಸಿ.

ಬಾಗಲಕೋಟೆ: ರೀ, ಬ್ಯಾಲೆನ್ಸರ್ ಸರ್ವರ್‌ಗಳ ನಡುವೆ ಹಂಚುತ್ತದೆ. ಒಂದೇ ಸರ್ವರ್‌ನ ಡಿಸ್ಕ್‌ಗಳ ನಡುವೆ ಅಲ್ಲ. ಅದಕ್ಕೆ ಹಡೂಪ್ 3ರ ಡಿಸ್ಕ್‌ಬ್ಯಾಲೆನ್ಸರ್ ಬೇಕು. ಗೊತ್ತಿಲ್ಲದೆ ಹೇಳಿ ಅವರ ದಾರಿ ತಪ್ಪಿಸಬೇಡಿ.

ಗೋಕಾಕ: ಗೊತ್ತಿಲ್ಲದೆ ಅಂತ ಯಾರಿಗೆ ಹೇಳ್ತೀರಿ? ನಾವು ಹಡೂಪ್ 2.7ರಲ್ಲಿದ್ದೇವೆ. ಅದರಲ್ಲಿ ಡಿಸ್ಕ್‌ಬ್ಯಾಲೆನ್ಸರ್ ಎಲ್ಲಿದೆ ತೋರಿಸಿ. ಹೊಸ ಆವೃತ್ತಿಗೆ ಹೋಗಲು ನಮ್ಮ ಮಾಲೀಕರು ದುಡ್ಡು ಬಿಚ್ಚಬೇಕಲ್ಲ.

ವಿಜಯಪುರ: ಜಗಳ ಆಮೇಲೆ. ಏಪ್ರಿಲ್‌ನಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುತ್ತದೆ. ನಮ್ಮ ಡಿಸ್ಕ್‌ಗಳು ಸತ್ತಿದ್ದೆಲ್ಲ ಬೇಸಿಗೆಯಲ್ಲೇ. ಮೊದಲು ಎರಡನೇ ಎಸಿಗೆ ದುಡ್ಡು ಎತ್ತಿಡಿ.

ಗೋಕಾಕ: ವಿಜಯಪುರದ ಬಿಸಿಲಿನ ಲೆಕ್ಕ ಬೆಳಗಾವಿಗೆ ಯಾಕೆ? ಉದ್ಯಮಬಾಗ್‌ನಲ್ಲಿ ತೊಂದರೆ ಫೌಂಡ್ರಿ ಧೂಳಿನದು. ಎಸಿ ಕೊಳ್ಳುವ ಮೊದಲು ಸರ್ವರ್ ಫ್ಯಾನ್ ಬಿಚ್ಚಿ ನೋಡಲಿ.