‘ಹೋಮ್‌ಸ್ಟೆಡ್’ಗೆ ಕನ್ನಡ? (ನಾಳೆ ಸಂಜೆಗೆ ಬೇಕು)

ನಮಸ್ಕಾರ. ಅಮೆರಿಕದ ನೆಬ್ರಾಸ್ಕದ ಹುಲ್ಲುಗಾವಲಲ್ಲಿ ನೆಲೆಯೂರಿದ ಮನೆತನದ ಮೂರು ತಲೆಮಾರಿನ ಕಾದಂಬರಿ, ಕನ್ನಡಕ್ಕೆ ತರುತ್ತಿದ್ದೇನೆ. ಕರಡು ನಾಳೆ ಸಂಜೆ ಚಾಮರಾಜಪೇಟೆಯ ಪ್ರೆಸ್ಸಿಗೆ ಹೋಗಬೇಕು. ಹೋಮ್‌ಸ್ಟೆಡ್ ಎಂದರೆ 1862ರ ಕಾಯಿದೆಯಂತೆ ಅರ್ಜಿ ಹಾಕಿದವರಿಗೆ ಸಿಗುತ್ತಿದ್ದ 160 ಎಕರೆ ಸರ್ಕಾರಿ ನೆಲ. ಹಾಗೇ ಬಿಟ್ಟರೆ ಕೊಡಗಿನ ಹೋಮ್‌ಸ್ಟೇ ಅಂದುಕೊಳ್ಳುತ್ತಾರೆ. ಜೊತೆಗೆ ‘ಸಾಡ್ ಹೌಸ್’ಗೆ ‘ಮಣ್ಣಿನ ಮನೆ’ ಎಂದು ಹಾಕಿದ್ದೇನೆ, ಸಮಾಧಾನವಿಲ್ಲ.
— ಬಸವನಗುಡಿ

ದರಖಾಸ್ತು ಜಮೀನು, ಅಂದರೆ ಅರ್ಜಿ ಹಾಕಿ ಸರ್ಕಾರದಿಂದ ಪಡೆದದ್ದು. ಹಳೇ ಮೈಸೂರು ಕಡೆ ಯಾರನ್ನು ಕೇಳಿದರೂ ಗೊತ್ತು. ಒಂದೇ ಎಚ್ಚರ: ಅಮೆರಿಕದಲ್ಲಿ ಅರ್ಜಿ ಹಾಕಿ, ಐದು ವರ್ಷ ಅಲ್ಲೇ ವಾಸವಿದ್ದು, ಮನೆ ಕಟ್ಟಿ, ಉತ್ತು, ಇಬ್ಬರಿಂದ ಸಾಕ್ಷಿ ಹೇಳಿಸಿದ ಮೇಲೆಯೇ ನೆಲ ಕೈಸೇರುತ್ತಿದ್ದುದು. ಆ ಕೊನೆಯ ಕಾಗದಕ್ಕೆ ‘ಸಾಗುವಳಿ ಚೀಟಿ’ ಬೇಡ, ‘ಹಕ್ಕುಪತ್ರ’ ಅನ್ನಿ.
— ಮಲ್ಲೇಶ್ವರ

ಬಗರ್ ಹುಕುಂ ಅನ್ನಬಹುದಲ್ಲ?
— ವಿಜಯನಗರ

ಆಗದು. ಅದು ಹುಕುಂ ಇಲ್ಲದ್ದು: ಮೊದಲು ಉಳುಮೆ, ಆಮೇಲೆ ಅರ್ಜಿ. ಇವರದು ತಿರುಗಾಮುರುಗಾ.
— ಮಲ್ಲೇಶ್ವರ

ದರಖಾಸ್ತು ಪಾರಸಿ, ಜಮೀನೂ ಪಾರಸಿ. ಇಂಗ್ಲಿಷ್ ಕಿತ್ತು ಪಾರಸಿ ನೆಟ್ಟರೆ ಕನ್ನಡವಾಯಿತೆ? ‘ಒಕ್ಕಲುನೆಲ’ ಎನ್ನಿ. ಒಕ್ಕು, ಒಕ್ಕಣೆ, ಒಕ್ಕಲು ಒಂದೇ ಬೇರು, ಕಣದಲ್ಲಿ ತೆನೆ ತುಳಿಸಿ ಕಾಳು ಬಿಡಿಸುವುದು. ನೆಲೆ, ಬೆಳೆ ಎರಡೂ ಬಂತು.
— ರಾಜಾಜಿನಗರ

ಹಾಗಾದರೆ ‘ಒಕ್ಕಲೆಬ್ಬಿಸು’ವಾಗ ಕಣದಿಂದ ಏನನ್ನು ಎಬ್ಬಿಸುತ್ತೀರಿ? ಒಕ್ಕಲು ಅಂದರೆ ಇರವು, ವಾಸ. ವ್ಯುತ್ಪತ್ತಿ ಬಿಡಿ, ಒಕ್ಕಲು ಅಂದಮೇಲೆ ಒಡೆಯನೊಬ್ಬ ಬೇಕು: ಮಠದ ಒಕ್ಕಲು, ಗೌಡರ ಒಕ್ಕಲು. ಇವರಿಗೆ ಒಡೆಯನೇ ಇಲ್ಲ, ಕಾದಂಬರಿಯ ಜೀವ ಇರುವುದೇ ಅಲ್ಲಿ. ಪಾರಸಿಯಿಂದ ಬಂದದ್ದೆಂದು ಅರ್ಜಿ, ಕಾಗದ, ತಾಲ್ಲೂಕು, ಕುರ್ಚಿ ಎಲ್ಲ ಆಚೆಗೆ ಹಾಕಿದರೆ ನಿಮ್ಮ ಕಚೇರಿಯಲ್ಲಿ ಉಳಿಯುವುದು ಬೆಂಚು. ಅದೂ ಇಂಗ್ಲಿಷರದು.
— ಮಲ್ಲೇಶ್ವರ

ಜಗಳ ಆಮೇಲೆ. ‘ಮಣ್ಣಿನ ಮನೆ’ ತಪ್ಪು. ಅಲ್ಲಿ ಮಣ್ಣು ಕಲಸುವುದಿಲ್ಲ, ಅಚ್ಚಿಗೆ ಹಾಕುವುದಿಲ್ಲ. ಹುಲ್ಲುನೆಲವನ್ನು ನೇಗಿಲಿನಲ್ಲಿ ನಾಲ್ಕಂಗುಲ ದಪ್ಪ, ಒಂದಡಿ ಅಗಲದ ಪಟ್ಟಿಯಾಗಿ ಸೀಳಿ, ಸನಿಕೆಯಿಂದ ಎರಡು ಮೂರಡಿಗೆ ಕತ್ತರಿಸಿ, ಹುಲ್ಲಿನ ಮುಖ ಕೆಳಗೆ ಮಾಡಿ ಪೇರಿಸುವುದು. ತುಂಡನ್ನು ಹಿಡಿದಿಡುವುದು ಬೇರು. ಅವತ್ತು ಕಿತ್ತದ್ದನ್ನು ಅವತ್ತೇ ಕೂರಿಸಬೇಕು, ಒಣಗಿದರೆ ಉದುರುತ್ತದೆ. 16×20 ಅಡಿ ಮನೆಗೆ ಸುಮಾರು 3,000 ತುಂಡು. ಚಾವಣಿಯ ಮೇಲೂ ಅದೇ ಹಾಸು. ಮಳೆ ನಿಂತ ಮೇಲೂ ಕೆಸರು ತೊಟ್ಟಿಕ್ಕುತ್ತದೆಂದು ಒಳಗಡೆ ಬಟ್ಟೆ ಕಟ್ಟುತ್ತಿದ್ದರು. ‘ಹುಲ್ಲುಹೆಂಟೆ ಮನೆ’ ಅನ್ನಿ.
— ಹನುಮಂತನಗರ

ಹೆಂಟೆ ಒಡೆದು ಪುಡಿಯಾಗುವಂಥದ್ದು. ಇದು ಒಡೆಯಬಾರದ್ದು.
— ವಿಜಯನಗರ

‘ಹುಲ್ಲು’ ಸೇರಿದ್ದೇ ಅದಕ್ಕೆ.
— ಹನುಮಂತನಗರ

ಹುಲ್ಲುಹೆಂಟೆ ಹಾಕಿದೆ. ದರಖಾಸ್ತನ್ನೂ ಹಾಕಿದೆ. ಎಲ್ಲರಿಗೂ ವಂದನೆ.
— ಬಸವನಗುಡಿ

ದರಖಾಸ್ತು ಉಳಿಯುವುದಾದರೆ ಕೃತಜ್ಞತೆಯಲ್ಲಿ ನನ್ನ ಹೆಸರು ಬೇಡ.
— ರಾಜಾಜಿನಗರ