ರಿಯಾಕ್ಟಿವ್ ಬೌಲಿಂಗ್ ಚೆಂಡಿನ ಹುಕ್ (ತಿರುವು) ಕಡಿಮೆಯಾಗಿದೆ: ಹೊಸದನ್ನೇ ಕೊಳ್ಳಬೇಕೇ, ಇದನ್ನೇ ಸರಿಪಡಿಸಬಹುದೇ?

ಬುಧವಾರದ_ಲೀಗ್ (ಟ್ರಾಯ್, ಮಿಶಿಗನ್)

ಎಲ್ಲರಿಗೂ ನಮಸ್ಕಾರ. ಕಚೇರಿಯ ಸ್ನೇಹಿತರ ತಂಡದೊಂದಿಗೆ ಪ್ರತಿ ಬುಧವಾರ ಸಂಜೆ ಇಲ್ಲಿನ ಬೌಲಿಂಗ್ ಲೀಗ್‌ನಲ್ಲಿ ಮೂರು ಆಟ ಆಡುತ್ತೇನೆ. ಶನಿವಾರ ಬಿಡುವಾದರೆ ಅಭ್ಯಾಸಕ್ಕೂ ಹೋಗುವುದುಂಟು. ಒಂದೂವರೆ ವರ್ಷದ ಹಿಂದೆ ಮೊದಲ ಬಾರಿಗೆ 15 ಪೌಂಡಿನ ಸ್ವಂತ ರಿಯಾಕ್ಟಿವ್ ರೆಸಿನ್ (ಹೆಚ್ಚು ಹಿಡಿತದ ಹೊರಪದರವಿರುವ) ಚೆಂಡನ್ನು ಕೊಂಡು, ನನ್ನ ಬೆರಳುಗಳ ಅಳತೆಗೆ ರಂಧ್ರ ಕೊರೆಸಿಕೊಂಡೆ. ಲೆಕ್ಕ ಹಾಕಿದರೆ ಅದರ ಮೇಲೆ ಸುಮಾರು 130 ಆಟಗಳಾಗಿವೆ.

ಮೊದಲ ಕೆಲವು ತಿಂಗಳು ಚೆಂಡು ಲೇನಿನ (ಅದು ಉರುಳುವ ಹಾದಿಯ) ಕೊನೆಯ ಮೂರನೇ ಒಂದು ಭಾಗದಲ್ಲಿ ಚೆನ್ನಾಗಿ ತಿರುಗಿ ಪಾಕೆಟ್‌ಗೆ (ಮೊದಲ ಪಿನ್ ಮತ್ತು ಅದರ ಪಕ್ಕದ ಪಿನ್ ನಡುವಿನ ಜಾಗಕ್ಕೆ) ನುಗ್ಗುತ್ತಿತ್ತು. ಈಗ ಅದೇ ಜಾಗದಲ್ಲಿ ನಿಂತು, ಲೇನಿನ ಮೇಲಿನ ಅದೇ ಬಾಣದ ಗುರುತಿನ ಮೇಲೆ ಬಿಟ್ಟರೂ ತಿರುಗಲು ತಡಮಾಡುತ್ತದೆ. ಪಾಕೆಟ್‌ಗೆ ತಾಗಿದಾಗಲೂ ಬಲವಿಲ್ಲದೆ ಹಿಂಬದಿಯ ಮೂಲೆಯ 10ನೇ ಪಿನ್ ಹಾಗೆಯೇ ನಿಂತುಬಿಡುತ್ತದೆ. ನನ್ನ ಸರಾಸರಿ ಅಂಕ 172ರಿಂದ 158ಕ್ಕೆ ಇಳಿದಿದೆ. ಚೆಂಡು ಸತ್ತುಹೋಗಿದೆ, ಹೊಸದು ತೆಗೆದುಕೊಳ್ಳಿ ಎಂದು ತಂಡದವರು ಹೇಳುತ್ತಿದ್ದಾರೆ. ನನಗೆ ಅಷ್ಟು ಸುಲಭವಾಗಿ ಅದನ್ನು ಬಿಟ್ಟುಕೊಡಲು ಮನಸ್ಸಿಲ್ಲ. ಇದುವರೆಗೆ ಆಟ ಮುಗಿದ ಮೇಲೆ ಒಂದು ಹಳೆಯ ಟವೆಲ್‌ನಿಂದ ಒರೆಸಿ ಚೀಲಕ್ಕೆ ಹಾಕುತ್ತಿದ್ದೆ. ಚೀಲ ಕಾರಿನ ಡಿಕ್ಕಿಯಲ್ಲಿಯೋ ಗ್ಯಾರೇಜಿನಲ್ಲಿಯೋ ಇರುತ್ತದೆ. ಏನು ತಪ್ಪು ಮಾಡಿದ್ದೇನೆ, ಈಗ ಏನು ಮಾಡಬಹುದು ಎಂದು ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಏಳನೇ_ಲೇನ್ (ಕೊಲಂಬಸ್, ಒಹಾಯೊ)

ಸರ್, ನಿಮ್ಮ ಚೆಂಡು ಸತ್ತಿಲ್ಲ, ಅದು ಎಣ್ಣೆ ಕುಡಿದಿದೆ. ಲೇನಿನ ಉದ್ದ ಫೌಲ್ ಗೆರೆಯಿಂದ (ಎಸೆಯುವಾಗ ದಾಟಬಾರದ ಗೆರೆ) ಮೊದಲ ಪಿನ್‌ವರೆಗೆ 60 ಅಡಿ. ಅದರಲ್ಲಿ ಮೊದಲ 40 ಅಡಿಯಷ್ಟಕ್ಕೆ ಯಂತ್ರದಿಂದ ಎಣ್ಣೆ ಬಳಿದಿರುತ್ತಾರೆ. ಚೆಂಡು ಎಣ್ಣೆಯ ಮೇಲೆ ಜಾರುತ್ತಾ ಹೋಗಿ, ಒಣ ಹಲಗೆ ಸಿಕ್ಕ ಕೂಡಲೇ ಹಿಡಿತ ಪಡೆದು ತಿರುಗಬೇಕು. ಪ್ಲಾಸ್ಟಿಕ್ ಚೆಂಡು ಎಣ್ಣೆಯನ್ನು ಹೆಚ್ಚುಕಡಿಮೆ ಹೀರುವುದೇ ಇಲ್ಲ. ರಿಯಾಕ್ಟಿವ್ ರೆಸಿನ್‌ನ ಹೊರಪದರದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿರುವುದರಿಂದಲೇ ಅದಕ್ಕೆ ಅಷ್ಟು ಹಿಡಿತ, ಆ ರಂಧ್ರಗಳ ಮೂಲಕವೇ ಎಣ್ಣೆ ಒಳಗೂ ಇಳಿಯುತ್ತದೆ. ಅದರ ಗುಣವೇ ಅದರ ದೌರ್ಬಲ್ಯವೂ ಹೌದು ಎಂಬುದನ್ನು ಅರ್ಥಮಾಡಿಕೊಂಡರೆ ನಿರ್ವಹಣೆಯ ಮುಕ್ಕಾಲು ಭಾಗ ಅರ್ಥವಾದಂತೆ.

ಪ್ರತಿ ಎಸೆತದ ನಂತರ ಚೆಂಡು ಮರಳಿ ಬಂದಾಗ ಅದನ್ನು ಒಮ್ಮೆ ಗಮನವಿಟ್ಟು ನೋಡಿ. ಹೆಬ್ಬೆರಳಿನ ರಂಧ್ರದ ಪಕ್ಕದಲ್ಲಿ ಬಳೆಗಳನ್ನು ಒತ್ತೊತ್ತಾಗಿ ಜೋಡಿಸಿದಂತೆ ತೆಳುವಾದ ಎಣ್ಣೆಯ ಗೆರೆಗಳು ಕಾಣುತ್ತವೆ. ಮುಂದಿನ ಎಸೆತಕ್ಕೆ ಮೊದಲು ಆ ಗೆರೆಗಳು ಪೂರ್ತಿ ಮಾಯವಾಗುವ ತನಕ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಬೇಕು. ಹಳೆಯ ಹತ್ತಿಯ ಟವೆಲ್ ಎಣ್ಣೆಯನ್ನು ತೆಗೆಯುವುದಕ್ಕಿಂತ ಹೆಚ್ಚಾಗಿ ಸವರುತ್ತದೆ. ಆಟ ಮುಗಿದ ಮೇಲೆ ಅಲ್ಲಿಯೇ, ಶೂ ಬಿಚ್ಚುವುದಕ್ಕೂ ಮೊದಲು, ರಿಯಾಕ್ಟಿವ್ ಚೆಂಡಿಗೆಂದೇ ತಯಾರಾದ ಕ್ಲೀನರ್ ಹಾಕಿ ಒರೆಸಿ. ಎಣ್ಣೆ ಇನ್ನೂ ಮೇಲ್ಮೈಯಲ್ಲಿರುವಾಗ ಎರಡು ನಿಮಿಷದಲ್ಲಿ ಆಗುವ ಕೆಲಸ ಮರುದಿನಕ್ಕೆ ಬಿಟ್ಟರೆ ಅಷ್ಟು ಸುಲಭವಾಗಿ ಆಗುವುದಿಲ್ಲ. ಆದರೆ ಯುಎಸ್‌ಬಿಸಿ (ಅಮೆರಿಕದ ಬೌಲಿಂಗ್ ನಿಯಂತ್ರಣ ಸಂಸ್ಥೆ) ಮಾನ್ಯತೆಯ ಲೀಗ್‌ಗಳಲ್ಲಿ 2019ರ ಆಗಸ್ಟ್ 1ರಿಂದ, ಆಟ ನಡೆಯುತ್ತಿರುವಾಗ ಒಣ ಬಟ್ಟೆಯನ್ನು ಮಾತ್ರ ಬಳಸಬೇಕು. ದ್ರವ ಯಾವುದೇ ಇರಲಿ, ಆಟಕ್ಕೆ ಮುಂಚೆ ಅಥವಾ ಆಟ ಮುಗಿದ ಬಳಿಕ ಎಂಬುದು ನೆನಪಿರಲಿ.

ಈಗಾಗಲೇ ಒಳಗಿಳಿದಿರುವ ಎಣ್ಣೆಗೆ ಬಿಸಿನೀರಿನ ಸ್ನಾನವೇ ಮನೆಯಲ್ಲಿ ಮಾಡಬಹುದಾದ ಉಪಾಯ. ಬೆರಳು ತೂರಿಸುವ ರಂಧ್ರಗಳಿಗೆ ನೀರು ಇಳಿಯದ ಟೇಪ್ ಅಂಟಿಸಿ, ದೊಡ್ಡ ಬಕೆಟ್ಟಿನಲ್ಲಿ ಕೈ ಅದ್ದಿದರೆ ಬಿಸಿ ತಟ್ಟುವ, ಆದರೆ ಸುಡದ ನೀರು ತುಂಬಿ, ಪಾತ್ರೆ ತೊಳೆಯುವ ದ್ರವಸೋಪು ಸ್ವಲ್ಪ ಬೆರೆಸಿ, ಚೆಂಡನ್ನು 20 ನಿಮಿಷ ಮುಳುಗಿಸಿಡಿ. ನಿಮ್ಮ 15 ಪೌಂಡಿನ ಚೆಂಡು ತಾನಾಗಿಯೇ ಮುಳುಗುತ್ತದೆ. ನನ್ನ ಮಗಳ 10 ಪೌಂಡಿನದು ತೇಲುವುದರಿಂದ ಅದನ್ನು ಆಗಾಗ ತಿರುಗಿಸುತ್ತಿರಬೇಕಾಗುತ್ತದೆ. ಹೊರತೆಗೆದ ಕೂಡಲೇ ಒರೆಸಿ, ನೀರು ಬದಲಾಯಿಸಿ, ಎರಡು ಮೂರು ಸಲ ಹೀಗೆಯೇ ಮಾಡಿ.

ಡ್ರಿಲ್_ಮತ್ತು_ಪ್ಯಾಡ್ (ಡಲ್ಲಾಸ್, ಟೆಕ್ಸಸ್)

ಓದುತ್ತಿದ್ದ ದಿನಗಳಲ್ಲಿ ಎರಡು ವರ್ಷ ಒಂದು ಪ್ರೊ ಶಾಪ್‌ನಲ್ಲಿ (ಬೌಲಿಂಗ್ ಸಾಮಾನಿನ ಅಂಗಡಿಯಲ್ಲಿ) ರಂಧ್ರ ಕೊರೆಯುವ ಮತ್ತು ಮೇಲ್ಮೈ ಸರಿಪಡಿಸುವ ಕೆಲಸ ಮಾಡಿದ್ದೆ, ಆ ಅನುಭವದಿಂದ ಬರೆಯುತ್ತಿದ್ದೇನೆ. ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ಎಣ್ಣೆ ಅರ್ಧ ಕಾರಣ ಮಾತ್ರ, ಇನ್ನರ್ಧ ಮೇಲ್ಮೈಯ ಸವೆತ. 130 ಆಟ ಉರುಳಿದ ಚೆಂಡಿನಲ್ಲಿ ಲೇನಿಗೆ ತಾಗುವ ಪಟ್ಟಿ ಮಾತ್ರ ನುಣುಪಾಗಿ ಹೊಳೆಯುತ್ತಿರುತ್ತದೆ, ಉಳಿದ ಭಾಗ ಮೊದಲಿನಂತೆಯೇ ಮಂಕಾಗಿರುತ್ತದೆ. ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರೆ ಈ ವ್ಯತ್ಯಾಸ ತಿಳಿಯುತ್ತದೆ. ಆ ಹೊಳಪಿಗೆ ಒಣ ಹಲಗೆಯ ಮೇಲೂ ಹಿಡಿತ ಸಿಗುವುದಿಲ್ಲ, ಹಾಗಾಗಿ ಎಣ್ಣೆಯನ್ನೆಲ್ಲ ತೆಗೆದರೂ ಮೇಲ್ಮೈ ಹಾಗೆಯೇ ಉಳಿದರೆ ನಿಮಗೆ ನಿರಾಶೆಯೇ ಆಗುತ್ತದೆ.

ಕೊಂಡಾಗ ಜೊತೆಗೆ ಬಂದ ಕಾಗದದಲ್ಲಿ ಅಥವಾ ತಯಾರಕರ ಜಾಲತಾಣದಲ್ಲಿ ನಿಮ್ಮ ಚೆಂಡಿನ ಮೂಲ ಮೇಲ್ಮೈ ಎಷ್ಟು ಗ್ರಿಟ್‌ನದು (ಒರಟುತನದ ಅಳತೆ) ಎಂದು ಬರೆದಿರುತ್ತದೆ. ಮೊದಲು ಅದನ್ನು ನೋಡಿಕೊಳ್ಳಿ. 500, 1000, 2000, 4000 ಎಂಬ ಸಂಖ್ಯೆಗಳ ಅಬ್ರಲಾನ್ ಎಂಬ ಉಜ್ಜುವ ಪ್ಯಾಡ್‌ಗಳು ಸಿಗುತ್ತವೆ. ಸಂಖ್ಯೆ ಕಡಿಮೆಯಾದಷ್ಟೂ ಮೇಲ್ಮೈ ಒರಟಾಗಿ, ಚೆಂಡು ಬೇಗ ಹಿಡಿತ ಪಡೆಯುತ್ತದೆ. ಅಂಗಡಿಯಲ್ಲಿ ಚೆಂಡನ್ನು ತಿರುಗಿಸುವ ಯಂತ್ರವಿರುತ್ತದೆ, ಸಾಧ್ಯವಾದರೆ ಅಲ್ಲಿಯೇ ಮಾಡಿಸಿ. ಮನೆಯಲ್ಲಿ ಮಾಡುವುದಾದರೆ ಚೆಂಡನ್ನು ಅಗಲ ಬಾಯಿಯ ಬಟ್ಟಲಿನ ಮೇಲೆ ಕೂರಿಸಿ, ಪ್ಯಾಡ್ ಒದ್ದೆ ಮಾಡಿ, ಆರು ಬದಿಗಳನ್ನೂ ಒಂದೇ ಒತ್ತಡದಿಂದ, ಒಂದೇ ಅವಧಿ ಗಡಿಯಾರ ನೋಡಿಕೊಂಡು ಉಜ್ಜಿ. ಹೊಳೆಯುವ ಪಟ್ಟಿಯನ್ನಷ್ಟೇ ಉಜ್ಜುವುದು ನಿಯಮಕ್ಕೂ ವಿರುದ್ಧ, ಚೆಂಡಿಗೂ ಒಳ್ಳೆಯದಲ್ಲ. ಮೇಲ್ಮೈ ಎಲ್ಲ ಕಡೆ ಒಂದೇ ಸಮವಾಗಿರಬೇಕು. ಎಣ್ಣೆ ತೆಗೆದ ಮೇಲೆ ಸ್ಯಾಂಡಿಂಗ್ (ಹೀಗೆ ಪ್ಯಾಡ್‌ನಿಂದ ಉಜ್ಜುವುದು) ಮಾಡಿ, ಅದಕ್ಕೆ ಮುಂಚೆ ಮಾಡಿದರೆ ಎಣ್ಣೆಯೂ ಪುಡಿಯೂ ಸೇರಿ ಪ್ಯಾಡ್ ಕಟ್ಟಿಕೊಳ್ಳುತ್ತದೆ.

ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕು. ಅಸಿಟೋನ್, ಥಿನ್ನರ್‌ನಂಥ ದ್ರಾವಕಗಳನ್ನು ಯಾರಾದರೂ ಸಲಹೆ ಮಾಡಿದರೆ ಕೇಳಬೇಡಿ. 1973ರಲ್ಲಿ ಡಾನ್ ಮೆಕ್ಯೂನ್ ಎಂಬ ವೃತ್ತಿಪರ ಆಟಗಾರ ಪ್ಲಾಸ್ಟಿಕ್ ಚೆಂಡುಗಳನ್ನು ಮೀಥೈಲ್ ಈಥೈಲ್ ಕೀಟೋನ್‌ನಲ್ಲಿ ನೆನೆಸಿ ಮೃದುಮಾಡಿ ಆಡಿ, ಆ ವರ್ಷದ ಶ್ರೇಷ್ಠ ಆಟಗಾರನಾದರು. ಆಗ ಅದನ್ನು ತಡೆಯುವ ನಿಯಮವಿರಲಿಲ್ಲ. ಚೆಂಡಿನ ಕನಿಷ್ಠ ಗಡಸುತನದ ನಿಯಮ ಬಂದದ್ದೇ ಅದಾದ ಮೇಲೆ. ದ್ರಾವಕದಿಂದ ಮೃದುವಾದ ಚೆಂಡು ಇಂದು ಪರೀಕ್ಷೆಯಲ್ಲಿ ಉಳಿಯುವುದಿಲ್ಲ, ಆ ದ್ರವಗಳು ಮನೆಯಲ್ಲಿ ಬೆಂಕಿಗೂ ಕಾರಣವಾಗಬಲ್ಲವು.

ಸ್ಪೇರ್_ಸುಮಾ (ಬೆಂಗಳೂರು)

ನೀವು ಡಿಕ್ಕಿ, ಗ್ಯಾರೇಜು ಎಂದು ಬರೆದದ್ದನ್ನು ಓದಿ ನನಗೆ ಆತಂಕವಾಯಿತು, ಅದಕ್ಕೇ ಬರೆಯುತ್ತಿದ್ದೇನೆ. ಚೆಂಡಿನ ಒಳಗಿನ ಭಾರದ ತಿರುಳೂ ಹೊರಪದರವೂ ಬೇರೆ ಬೇರೆ ವಸ್ತುಗಳಿಂದ ಮಾಡಿದವು. ಶಾಖಕ್ಕೆ ಹಿಗ್ಗುವಾಗ, ಚಳಿಗೆ ಕುಗ್ಗುವಾಗ ಎರಡೂ ಒಂದೇ ಪ್ರಮಾಣದಲ್ಲಿ ಬದಲಾಗುವುದಿಲ್ಲ. ಎರಡು ವರ್ಷದ ಹಿಂದೆ ಏಪ್ರಿಲ್‌ನಲ್ಲಿ ಮೂರು ದಿನ ನನ್ನ ಚೆಂಡು ಬಿಸಿಲಲ್ಲಿ ನಿಲ್ಲಿಸಿದ್ದ ಕಾರಿನ ಡಿಕ್ಕಿಯಲ್ಲೇ ಇತ್ತು. ನಾಲ್ಕನೆಯ ದಿನ ಚೀಲದಿಂದ ತೆಗೆದಾಗ ಹೆಬ್ಬೆರಳಿನ ರಂಧ್ರದ ಅಂಚಿನಿಂದ ಕೂದಲೆಳೆಯಂಥ ಸೀಳು ಎರಡಂಗುಲ ಹರಿದಿತ್ತು. ಉಗುರು ಸಿಕ್ಕಿಕೊಳ್ಳುವಷ್ಟು ಆಳವೂ ಇರಲಿಲ್ಲ, ಆದರೂ ಮುಂದಿನ ತಿಂಗಳ ಹೊತ್ತಿಗೆ ಅದು ಬೆರಳಿನ ರಂಧ್ರದವರೆಗೂ ಹೋಗಿ ಚೆಂಡು ಕೈಬಿಟ್ಟಿತು. ನಿಮ್ಮಲ್ಲಿ ಜನವರಿಯ ಗ್ಯಾರೇಜು ಹೆಪ್ಪುಗಟ್ಟುವ ಚಳಿಯಲ್ಲಿರುತ್ತದೆ, ಅಲ್ಲಿಂದ ನೇರವಾಗಿ ಬಿಸಿ ಕಟ್ಟಡಕ್ಕೆ ಒಯ್ಯುವುದೂ ಅಷ್ಟೇ ಅಪಾಯ. ಜನ ವಾಸಿಸುವ ಕೋಣೆಯ ಬೀರುವಿನಲ್ಲೋ ಮಂಚದ ಕೆಳಗೋ ಇಡಿ, ತಿಂಗಳುಗಟ್ಟಲೆ ಆಡದೆ ಇದ್ದರೆ ಆಗಾಗ ಹೊರಳಿಸಿಡಿ.

ಬಿಸಿನೀರಿನ ವಿಷಯದಲ್ಲಿ ನಾನು ಏಳನೇ_ಲೇನ್ ಅವರಷ್ಟು ಧೈರ್ಯ ಹೇಳಲಾರೆ. ನೀರು ಕೈಗೆ ಹಿತವಾಗಿದೆ ಎಂಬುದು ಒಬ್ಬೊಬ್ಬರಿಗೆ ಒಂದೊಂದು ಅಳತೆ. ಥರ್ಮಾಮೀಟರ್ ಇಟ್ಟುಕೊಂಡು 50 ಡಿಗ್ರಿ ಸೆಲ್ಸಿಯಸ್ ದಾಟದಂತೆ ನೋಡಿಕೊಳ್ಳಿ. ಚೆಂಡು ತಣ್ಣಗಿದ್ದರೆ ಮೊದಲು ಉಗುರುಬೆಚ್ಚಗಿನ ನೀರಿನಲ್ಲಿಟ್ಟು ಆಮೇಲೆ ಬಿಸಿ ಹೆಚ್ಚಿಸಿ. ಶಾಖ ಕೊಟ್ಟರೆ ಖಾತರಿ ರದ್ದಾಗುತ್ತದೆ ಎಂದು ಕೆಲವು ತಯಾರಕರು ಬರೆದಿರುತ್ತಾರೆ, ಅದನ್ನೂ ಓದಿಕೊಳ್ಳಿ. ಅಡುಗೆಮನೆಯ ಓವನ್ನಿಗಂತೂ ಹಾಕಲೇಬಾರದು.

ನಾನು ಸ್ಪೇರ್ ತೆಗೆಯಲು, ಅಂದರೆ ಮೊದಲ ಎಸೆತದಲ್ಲಿ ಉಳಿದ ಪಿನ್‌ಗಳನ್ನು ಎರಡನೆಯದರಲ್ಲಿ ಬೀಳಿಸಲು, ಬೇರೆ ಪ್ಲಾಸ್ಟಿಕ್ ಚೆಂಡು ಬಳಸುತ್ತೇನೆ. ಅದರಿಂದ ರಿಯಾಕ್ಟಿವ್ ಚೆಂಡಿನ ಮೇಲೆ ಬೀಳುವ ಎಸೆತಗಳ ಸಂಖ್ಯೆ ಬಹಳ ಕಡಿಮೆಯಾಗಿದೆ. ನಿಮ್ಮ 10ನೇ ಪಿನ್‌ಗೂ ಅದು ನೆರವಾಗುತ್ತದೆ, ಏಕೆಂದರೆ ಮೂಲೆಯ ಪಿನ್‌ಗೆ ಬೇಕಾದದ್ದು ನೇರವಾಗಿ ಹೋಗುವ ಚೆಂಡು.

ಬುಧವಾರದ_ಲೀಗ್ (ಟ್ರಾಯ್, ಮಿಶಿಗನ್)

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಸುಮಾ ಅವರ ಮಾತು ಓದಿದ ರಾತ್ರಿಯೇ ಚೆಂಡನ್ನು ಗ್ಯಾರೇಜಿನಿಂದ ಒಳಗೆ ತಂದು, ಟಾರ್ಚ್ ಹಿಡಿದು ಮೂರೂ ರಂಧ್ರಗಳ ಅಂಚನ್ನು ಪರೀಕ್ಷಿಸಿದೆ. ದೇವರ ದಯೆ, ಸೀಳು ಕಾಣಲಿಲ್ಲ. ಒಂದು ದಿನ ಕೋಣೆಯಲ್ಲಿಟ್ಟು, ಶನಿವಾರ ಥರ್ಮಾಮೀಟರ್ ಸಮೇತ ಬಿಸಿನೀರಿನ ಸ್ನಾನ ಮಾಡಿಸಿದೆ. ಮೊದಲ ಬಾರಿಗೆ ಹೊರತೆಗೆದು ಮೇಜಿನ ಮೇಲಿಟ್ಟಾಗ, ಒರೆಸಿದ ಅರ್ಧ ನಿಮಿಷದಲ್ಲಿ ಮತ್ತೆ ಸಣ್ಣ ಸಣ್ಣ ಹನಿಗಳು ಬೆವರಿನಂತೆ ಮೂಡಿದವು. ಬೆರಳಿಗೆ ಹಚ್ಚಿ ನೋಡಿದರೆ ನೀರಲ್ಲ, ಅಂಟಂಟಾದ ಎಣ್ಣೆ. ಮೂರನೆಯ ಸಲ ತೆಗೆದಾಗ ಬಟ್ಟೆ ಬಹುತೇಕ ಒಣಗಿಯೇ ಇತ್ತು. ಆಮೇಲೆ ಪ್ರೊ ಶಾಪ್‌ನಲ್ಲಿ ಮೂಲ ಮೇಲ್ಮೈಯಾದ 2000 ಗ್ರಿಟ್‌ಗೆ ಸ್ಯಾಂಡಿಂಗ್ ಮಾಡಿಸಿದೆ.

ನಿನ್ನೆಯ ಮೂರು ಆಟಗಳಲ್ಲಿ 181, 166, 190 ಬಂದಿತು. ಮೂರು ಆಟದಿಂದ ತೀರ್ಮಾನ ಮಾಡಲಾಗದು, ಆದರೆ ಚೆಂಡು ತಿರುಗುವ ಜಾಗ ಮರಳಿ ಬಂದಿರುವುದು ಕಣ್ಣಿಗೇ ಕಾಣುತ್ತದೆ. ಮುಂದೆ ಎಷ್ಟು ಆಟಗಳಿಗೊಮ್ಮೆ ಇದನ್ನೆಲ್ಲ ಮಾಡಬೇಕು?

ಡ್ರಿಲ್_ಮತ್ತು_ಪ್ಯಾಡ್ (ಡಲ್ಲಾಸ್, ಟೆಕ್ಸಸ್)

ಓದಿ ಬಹಳ ಸಂತೋಷವಾಯಿತು ಸರ್. ಎಣ್ಣೆ ತೆಗೆಯುವುದನ್ನೂ ಮೇಲ್ಮೈ ಹೊಸದಾಗಿಸುವುದನ್ನೂ ಸುಮಾರು 60 ಆಟಗಳಿಗೊಮ್ಮೆ ಇಟ್ಟುಕೊಳ್ಳಿ; ನಿಮ್ಮ ಲೇನಿನಲ್ಲಿ ಎಣ್ಣೆ ಹೆಚ್ಚಿದ್ದರೆ 50ಕ್ಕೇ ಮಾಡಿ. ನಡುವೆ ಪಟ್ಟಿ ಹೊಳೆಯತೊಡಗಿದರೆ ಅದೇ 2000ದ ಪ್ಯಾಡ್‌ನಿಂದ ಕೈಯಲ್ಲೇ ಹಗುರವಾಗಿ ಎಲ್ಲ ಬದಿಗೂ ಒಂದು ಸುತ್ತು ಉಜ್ಜಿಕೊಳ್ಳಬಹುದು, ಆದರೆ ಲೀಗ್ ಶುರುವಾಗುವುದಕ್ಕೆ ಮೊದಲು. ಆಟಗಳ ಲೆಕ್ಕವನ್ನು ನೆನಪಿಗೆ ಬಿಡದೆ ಚೀಲದಲ್ಲಿ ಒಂದು ಚೀಟಿ ಇಟ್ಟು, ಪ್ರತಿ ಬುಧವಾರ ಮೂರು ಗೆರೆ ಎಳೆಯಿರಿ. ಬಿಸಿನೀರಿನ ನಂತರ ಬೆರಳಿನ ರಬ್ಬರ್ ಗ್ರಿಪ್‌ಗಳ ಅಂಟು ಸಡಿಲವಾಗಿದೆಯೇ ಎಂದು ಮುಂದಿನ ಆಟಕ್ಕೆ ಮೊದಲು ಒಮ್ಮೆ ಎಳೆದು ನೋಡಿ.