ಅಪ್‌ಡೇಟ್: ಅವ್ವನ ಬೆನ್ನಿನ ಆಪರೇಷನ್ ಸದ್ಯಕ್ಕಿಲ್ಲ

ಕಲಬುರಗಿಯಲ್ಲಿರುವ 67ರ ಅವ್ವನ ಬೆನ್ನುಮೂಳೆ ಸೊಂಟದ ಹತ್ತಿರ 46 ಡಿಗ್ರಿ ಪಕ್ಕಕ್ಕೆ ಬಾಗಿದೆ, ಆಪರೇಷನ್ ಮಾಡಿಸಬೇಕೇ ಎಂದು ಕೇಳಿದ್ದೆ. ಸದ್ಯಕ್ಕೆ ಬೇಡ ಎಂದಾಗಿದೆ.

ಡಿಗ್ರಿಗಿಂತ ಮುಖ್ಯವಾದದ್ದು ಎಲುಬಿನ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್. ಅದರ ಅಂಕ, ಅಂದರೆ ಟಿ-ಸ್ಕೋರ್, ಮೈನಸ್ 2.8 ಬಂತು, ಮೈನಸ್ 2.5ಕ್ಕೇ ಆಸ್ಟಿಯೊಪೊರೋಸಿಸ್ (ಎಲುಬು ಟೊಳ್ಳಾಗುವ ಕಾಯಿಲೆ) ಎನ್ನುತ್ತಾರೆ. ಆಪರೇಷನ್‌ನಲ್ಲಿ ಬೆನ್ನುಮೂಳೆಗೆ ಸ್ಕ್ರೂ, ರಾಡ್ ಹಾಕಿ ಬೆಸೆಯುತ್ತಾರೆ. ಟೊಳ್ಳಾದ ಎಲುಬಿನಲ್ಲಿ ಸ್ಕ್ರೂ ಹಿಡಿತ ಸಡಿಲಾಗಬಹುದು, ರಾಡಿನ ಮೇಲ್ತುದಿಯ ಬೆನ್ನುಮಣಿ ಕುಸಿದು ಬೆನ್ನು ಮತ್ತೆ ಮುಂದಕ್ಕೆ ಬಾಗಬಹುದು. ಹಾಗಾಗಿ ಮೊದಲು ಎಲುಬು ಗಟ್ಟಿ ಮಾಡಲು ದಿನಾ 20 ಮೈಕ್ರೋಗ್ರಾಂ ಟೆರಿಪ್ಯಾರಟೈಡ್ ಚುಚ್ಚುಮದ್ದು, ಜೊತೆಗೆ ಫಿಸಿಯೋಥೆರಪಿ.

ಇದನ್ನು ಮೊದಲೇ ಕೇಳಿಕೊಳ್ಳಿ: ಸೊಂಟದೆಲುಬಿನವರೆಗೆ ರಾಡ್ ಹಾಕಿ ಬೆಸೆದರೆ ನೆಲದ ಮೇಲೆ ಕೂತು ರೊಟ್ಟಿ ಬಡಿಯುವುದು, ಕುಕ್ಕರಗಾಲಲ್ಲಿ ಕೂರುವುದು ಎರಡೂ ಕಷ್ಟ. ನಮ್ಮ ಕಡೆ ಅದು ಸಣ್ಣ ವಿಷಯವಲ್ಲ. ಒಲೆಯನ್ನು ಈಗಲೇ ಕಟ್ಟೆಗೆ ಏರಿಸಿದ್ದೇವೆ.

ಕಾಲಿನ ಬಲ ಕುಗ್ಗಿದರೆ, ಮೂತ್ರದ ಹಿಡಿತ ತಪ್ಪಿದರೆ ಮಾತ್ರ ಕಾಯುವಂತಿಲ್ಲ, ಅದೇ ದಿನ ಆಸ್ಪತ್ರೆಗೆ.